ಗಿರಾಕಿಗೆ ತೋರ್ಸಾಕ ಒಂದು ಟ್ಯಾಬು

ಮಾರ್ಚ್ 3, ಸೋಮವಾರ

ಊಟಕ್ಕ ಕುಂತಾಗ ಟ್ಯಾಬ್ ಸುದ್ದಿ ತೆಗಿಬಾರ್ದು ಅಂತ ಶೈಲಜಾ ಇವತ್ತು ಕಟ್ಟಪ್ಪಣಿ ಮಾಡಿದ್ಳು. ವರ್ಷಾನುಗಟ್ಲೆ ಸಾಲಿ ಹುಡುಗ್ರ ಬಾಯಿ ಮುಚ್ಚಿಸಿದ ಟೀಚರ್ ಆಕಿ, ಗಂಡ ಯಾವ ಲೆಕ್ಕ. "ನಿಮ್ಮ ಇಂಚು, ನಿಮ್ಮ ಬ್ಯಾಟ್ರಿ, ನಿಮ್ಮ ಬಣ್ಣ, ಎಲ್ಲಾ ಇದ್ರಾಗ ಬರ್ಕೋರಿ. ನನ್ನ ಕಿವಿಗೆ ಸ್ವಲ್ಪ ರಜಾ ಕೊಡ್ರಿ" ಅಂತ ಗೊಬ್ಬರದ ಅಂಗಡಿಯವ್ರು ಪುಕ್ಕಟೆ ಕೊಟ್ಟಿದ್ದ ಈ ಡೈರಿ ತಂದು ನನ್ನ ತಾಟಿನ ಪಕ್ಕ ಇಟ್ಳು. ಹಂಗಾಗಿ ಬರಿಯಾಕಹತ್ತೀನಿ. ಓದಾಕ ಯಾರೂ ಇಲ್ಲ, ನಡುವ ಬಾಯಿ ಹಾಕಾಕೂ ಯಾರೂ ಇಲ್ಲ. ಭಾಳ ಆರಾಮ ಐತಿ.

ವಿಷಯ ಏನಪಾ ಅಂದ್ರ, ಕಂಪ್ಲಿ ರೈಸ್ ಮಿಲ್ಲಿನ ಹೊನ್ನೂರಪ್ಪನವ್ರ ಮಗಳು ಸ್ಫೂರ್ತಿ ಮದುವಿ ಮೇ ತಿಂಗಳಾಗ. ಫೋಟೋಕ್ಕ ಇಬ್ಬರನ್ನ ಕರೆಸಿ ನೋಡ್ತಾರಂತ. ಒಬ್ಬ ನಾನು, ಹೊಸಪೇಟಿ ಸಿದ್ದು ಸ್ಟುಡಿಯೋದ ಸಿದ್ದಲಿಂಗೇಶ್. ಮಾಲಕನೂ ನಾನ, ಕಸ ಹೊಡಿಯೋನೂ ನಾನ. ಇನ್ನೊಬ್ಬ ದುರುಗೇಶ. ಲೈಟ್ ಹಿಡಿಯೋದು ನನ್ನ ಹತ್ರನ ಕಲ್ತವ, ಈಗ ಡ್ರೋನ್ ಹಾರಿಸ್ತಾನ. ಹೋದ ಸಲ ಗಾದಿಗನೂರಾಗ ಒಂದು ಮನಿಗೆ ಇಬ್ರೂ ಹೋಗಿದ್ವಿ. ನಾನು ಸ್ಯಾಂಪಲ್ ಆಲ್ಬಂ ಎರಡೂ ಹೊತ್ಕೊಂಡು ಹೋಗಿ, ಸಿಮೆಂಟ್ ಚೀಲ ಇಳಿಸಿದಂಗ ಟೀಪಾಯಿ ಮ್ಯಾಲ ಇಳಿಸಿದೆ. ಟೀಪಾಯಿ ಕಾಲು ಮುರೀತು. ದುರುಗೇಶ ಚೀಲದಾಗಿಂದ ತೆಳ್ಳನ್ನ ಟ್ಯಾಬ್ ತೆಗೆದು ಒಂದು ಬೆರಳಿಲೆ ಫೋಟೋ ಹಿಂಗ ಸರಿಸಿದ. ಮದುವಿ ಅವಗ ಹೋತು, ಟೀಪಾಯಿ ರಿಪೇರಿ ನನಗ ಬಂತು.

ಕಂಪ್ಲಿ ಮದುವಿನೂ ಹೋದ್ರ ಸ್ಟುಡಿಯೋ ಶಟರ್ ಇಳಿಸೋದ ಸೈ. ಶೈಲಜಾನ ತಮ್ಮ ಮನೋಹರ್ ತನ್ನ ಫ್ಯಾಕ್ಟರಿಯಾಗ ಸಿಸಿಟಿವಿ ರೂಮಿನ ಕೆಲ್ಸ ಐತಿ ಅಂದಾನ. "ಯುಗಾದಿ ಒಳಗ ಹೇಳ್ರಿ ಮಾಮ. ಹೆಂಗೂ ನೀವು ಫೋಟೋದವ್ರು, ಅಲ್ಲೂ ನೋಡೋದ ಕೆಲ್ಸ." ಕ್ಯಾಮೆರಾ ಗೇಟ್ ನೋಡ್ತೈತಿ, ನಾನು ಕ್ಯಾಮೆರಾ ನೋಡ್ಬೇಕು. ಈ ಮದುವಿ ನನಗ ಬೇಕ ಬೇಕು. ಅದಕ್ಕ ಟ್ಯಾಬ್ ಬೇಕು.

ಮಾರ್ಚ್ 5, ಬುಧವಾರ

ಅಂಗಡಿಗೆ ಹೋಗಿದ್ದೆ. "ಏನ್ ಯೂಸಿಗೆ ಸರ್?" ಅಂದ ಮಾರೋ ಹುಡುಗ.

"ಗಿರಾಕಿಗೆ ಫೋಟೋ ತೋರ್ಸಾಕ."

"ಹಂಗಾದ್ರ ಯಾವುದಾದ್ರೂ ಆಗ್ತೈತ್ರಿ."

ಯಾವುದಾದ್ರೂ ಅಂದ್ರ ಹೆಂಗ? ಸಿಟ್ಟು ನೆತ್ತಿಗೇರಿತು. ಅವಗ ನಿಂತಲ್ಲೇ ಪಾಠ ಮಾಡಿದೆ. ಅಂಗಡ್ಯಾಗ ಎಲ್ಲಾ ಟ್ಯಾಬಿನಾಗೂ ಅದ ಒಂದು ಗಿಳಿ. ಗಿಳಿ ಎಲ್ಲಾದ್ರಾಗೂ ಚಲೋ ಕಾಣ್ತೈತಿ, ಅದನ್ನ ನೋಡಿ ತಗೊಂಡವ ಕೆಟ್ಟ. ಪೆನ್‌ಡ್ರೈವ್ ಕೊಟ್ಟು ನನ್ನ ಫೋಟೋ ಹಾಕಿಸಿದೆ. ಮೊದಲ್ನೇದು ಸಿನಿಮಾ ನೋಡೋರಿಗೆ ಮಾಡಿದ್ದು, ಉದ್ದಕ ಐತಿ. ನಮ್ಮ ಫೋಟೋ ಎರಡೂ ಮಗ್ಗಲಿಗೆ ಕರೀ ಪಟ್ಟಿ ಬಂದು, ಮದುಮಕ್ಳು ಬಾಗ್ಲಸಂದ್ಯಾಗ ಸಿಕ್ಕೊಂಡಂಗ ಕಂಡ್ರು. ಎರಡ್ನೇದು ದೊಡ್ಡದು, ಆದ್ರ ಅದ್ರ ಬಣ್ಣ ಅಂದ್ರ ಬಣ್ಣ. ಅರಿಷಿಣ ಹಚ್ಚಿದ ಹುಡುಗಿ ಸಿಗ್ನಲ್ ಲೈಟ್ ಆಗಿದ್ಳು. ಇದನ್ನ ನೋಡಿ ಒಪ್ಪಿದ ಗಿರಾಕಿ ನಾಳೆ ಪ್ರಿಂಟ್ ನೋಡಿ "ನಮ್ಮ ಹುಡುಗಿ ಬಣ್ಣ ಎಲ್ಲಿ ಹೋತ್ರಿ?" ಅಂತ ನನ್ನ ಕೊಳ್ಳಪಟ್ಟಿ ಹಿಡೀತಾನ. ಮೂರ್ನೇದ್ರಾಗ ಬಣ್ಣ ಇದ್ದದ್ದು ಇದ್ದಂಗ ಇತ್ತು. ಆದ್ರ ಗಾಜು ಕನ್ನಡಿಯಂಗ ಹೊಳಿತಿತ್ತು. ಮದುಮಗಳ ಮಾರಿ ಮ್ಯಾಲ ನನ್ನ ಬೋಳು ತಲಿ.

ತೂಕ ಎಷ್ಟು ಅಂತ ಕೇಳಿದೆ. ಅವಗ ಗೊತ್ತಿಲ್ಲ. ಮೂರೂ ತಗೊಂಡು ಪಕ್ಕದ ಕಿರಾಣಿ ಅಂಗಡಿಗೆ ನಡದೆ, ತಕ್ಕಡ್ಯಾಗ ತೂಗಿಸಿದೆ. ಕಳ್ಳ ಇರಬೇಕು ಅಂತ ಹುಡುಗ ನನ್ನ ಹಿಂದ ಓಡಿ ಬಂದ. ಏನೂ ತಗೊಳ್ಳದ ಮನಿಗೆ ಬಂದೆ. ಶೈಲಜಾಗ ಹೇಳ್ಲಿಲ್ಲ. ಆಕಿ ಕೇಳ್ಲೂ ಇಲ್ಲ. ಕೇಳಬೇಕಿತ್ತು ಅನ್ನಿಸ್ತು.

ಮಾರ್ಚ್ 8, ಶನಿವಾರ

ಮನೋಹರ್‌ನ ಟ್ಯಾಬ್ ಒಂದು ದಿನಕ್ಕ ಎರವಲು ತಂದು ಹಂಪಿಗೆ ಒಯ್ದಿದ್ದೆ. ದಾವಣಗೆರಿಯಿಂದ ಒಂದು ಜೋಡಿ, ಮದುವಿಗೆ ಮೊದ್ಲಿನ ಫೋಟೋಕ್ಕ ಬಂದಿತ್ತು. ತೆಗ್ಯೋದು, ಕೂಡ್ಲೆ ಟ್ಯಾಬಿನಾಗ ತೋರ್ಸೋದು, ಅವ್ರು ಬಾಯಿ ತಕ್ಕೊಂಡು ನೋಡೋದು, ಇಷ್ಟು ನನ್ನ ಪ್ಲಾನು.

ಹೊಳಿ ದಂಡಿಗೆ ಕಲ್ಲಬಂಡಿ ಮ್ಯಾಲ ಟ್ಯಾಬ್ ಇಟ್ಟು ಹಚ್ಚಿದೆ. ಬಿಸಿಲಿಗೆ ಏನೂ ಕಾಣವಲ್ಲದು. ಛತ್ರಿ ಹಿಡಿದೆ. ಛತ್ರಿ ಒಳಗ ಹುಡುಗ, ಹುಡುಗಿ, ನಾನು, ಮೂರು ತಲಿ. ಅಷ್ಟ್ರಾಗ ಟ್ಯಾಬ್ "ನನಗ ಭಾಳ ಬಿಸಿ ಆಗೈತಿ" ಅಂತ ಒಂದು ಸಾಲು ತೋರಿಸಿ ಕಣ್ಣು ಮುಚ್ಚಿತು. ಗೋಲಿ ಸೋಡಾದಾಕಿ ಕಾಲು ಹಿಡಿದು ಐಸ್ ಡಬ್ಬಿ ಮ್ಯಾಲ ಮಲಗಿಸಿದೆ. ಹುಡುಗಿ ಭಾಳ ಮೆತ್ತಗ, "ಅಂಕಲ್, ನಮ್ಮ ಫೋನಿಗೆ ಕಳಿಸ್ಬಿಡ್ರಿ" ಅಂದ್ಳು. ಟ್ಯಾಬ್ ಬಿಸಿ ಆಗಿದ್ದಕ್ಕಿಂತ ಈ ಅಂಕಲ್ ಅನ್ನೋದು ಜಾಸ್ತಿ ಸುಟ್ತು.

ಮಾರ್ಚ್ 9, ಭಾನುವಾರ

ಇವತ್ತು ಟ್ಯಾಬ್ ಬಗ್ಗೆ ವಿಚಾರ ಮಾಡ್ಲಿಲ್ಲ. ಸುಳ್ಳು. ಮಾಡಿದೆ.

ಮಾರ್ಚ್ 13, ಗುರುವಾರ

ತಗೊಂಡೆ. ಬಣ್ಣ ಸರಿ ಇದ್ದ ಆ ಮೂರ್ನೇದನ್ನ. ಗಾಜಿನ ಮ್ಯಾಲ ಒಂದು ಮಂಕು ಹಾಳಿ ಅಂಟಿಸಿದ್ರ ಹೊಳಪು ಹೋಗ್ತೈತಿ ಅಂತ ಅದ ಹುಡುಗ ಉಪಾಯ ಹೇಳಿದ. ಅಂಟಿಸಿದ, ನನ್ನ ಬೋಳು ತಲಿ ಮಾಯ ಆತು. ಎಣ್ಣಿ, ಔಷಧ ಯಾವುದ್ಕೂ ಆಗದ ಕೆಲ್ಸ.

ಸ್ಟುಡಿಯೋಕ್ಕ ತಂದು ಪೂಜಿ ಮಾಡಿದೆ. ಹೊಸಾ ಸಾಮಾನಿಗೆ ವಿಭೂತಿ ಹಚ್ಚದ ಬಳಸೋ ಪದ್ಧತಿ ನಮ್ಮ ಮನ್ಯಾಗಿಲ್ಲ. ಭಕ್ತಿ ಸ್ವಲ್ಪ ಜಾಸ್ತಿ ಆಗಿ ವಿಭೂತಿ ಸ್ಪೀಕರ್ ತೂತಿನಾಗ ಇಳೀತು. ಈಗ ಹಾಡು ಹಚ್ಚಿದ್ರ ನೆಗಡಿ ಬಂದವ್ರು ಹಾಡಿದಂಗ ಕೇಳ್ತೈತಿ. ಇರ್ಲಿ, ನನಗ ಬೇಕಾಗಿರೋದು ಫೋಟೋ.

ದುರುಗೇಶ ಬೆರಳೆಣಿಕಿ ಫೋಟೋ ಆರಿಸಿ ಇಟ್ಟಿರ್ತಾನ. ನನಗ ಆರಿಸಾಕ ಬರಂಗಿಲ್ಲ. ಒಂದು ತೆಗೆದು ಹಾಕಿದ್ರ ಅದು ಅತ್ತಂಗ ಅನ್ನಿಸ್ತೈತಿ. ಹೋದ ವರ್ಷ ಸಂಡೂರಿನ ಒಂದು ಮದುವ್ಯಾಗ ಭಾಳ ಚಲೋ ಬೆಳಕು ಸಿಕ್ಕಿತ್ತು. ಬ್ಯಾರೆ ಮದುವಿಗಳ ಜೊತಿ ಅದನ್ನೂ ಪೂರ್ತಿ ಹಾಕಿದೆ. ಮುಂದ ಚಲೋ ಚಲೋವು, ಹಿಂದ ಉಳಿದದ್ದೆಲ್ಲಾ, ಊಟದ ಪಂಕ್ತಿ ಸಮೇತ. ಅಷ್ಟು ದೂರ ಯಾರು ಸರಿಸ್ಕೊಂತ ಹೋಗ್ತಾರ.

ಮಾರ್ಚ್ 15, ಶನಿವಾರ

ಪಕ್ಕದ ಚಾದ ಅಂಗಡಿ ಯಮನಮ್ಮಗ ತೋರಿಸಿ ಪ್ರಾಕ್ಟೀಸ್ ಮಾಡಿದೆ. ಸಂಡೂರಿನ ಮದುಮಗಳು, ಕಿಟಕಿ ಬೆಳಕು, ಅರ್ಧ ಮಾರಿ ನೆರಳು. ನನ್ನ ಜೀವಮಾನದ ಫೋಟೋ ಅದು.

"ಯಾರ ಪೈಕಿ ಈಕಿ?" ಅಂದ್ಳು ಯಮನಮ್ಮ.

"ಬೆಳಕು ನೋಡು ಯಮನಮ್ಮ."

"ನೋಡಿದ್ನಿ. ಯಾರ ಪೈಕಿ?"

ಗೊತ್ತಿಲ್ಲ ಅಂದೆ. "ಯಾರು, ಏನು ಅಂತ ತಿಳೀದ ಹೆಂಗ ಫೋಟೋ ಹೊಡಿತಿಯಪ್ಪ ನೀನು?" ಅಂತ ಟ್ಯಾಬ್ ಬದಿಗಿಟ್ಟು ಹಾಲು ಕಾಸಾಕ ಎದ್ದು ಹೋದ್ಳು. ಆಕಿ ಅಂದದ್ದು ಖರೆ ಐತಿ. ನಮ್ಮ ಮಂದಿ ಸ್ಯಾಂಪಲ್ ನೋಡೋದ ಹಿಂಗ. ಫೋಟೋ ಹೆಂಗೈತಿ ಅಂತಲ್ಲ, ಯಾರ ಮನಿ, ಯಾವೂರು, ನಮಗೇನಾಗ್ಬೇಕು. ಸಂಬಂಧ ಸಿಕ್ರ ಕೆಲ್ಸ ಸಿಕ್ಕಂಗ. ಹಂಗಾಗಿ ಸಂಜೀತನಕ ಫೋನ್ ಹಚ್ಚಿ ಯಾರ್ಯಾರು ಏನೇನು ಅಂತ ಕೇಳಿ ಬಾಯಿಪಾಠ ಮಾಡೀನಿ.

ಮಾರ್ಚ್ 18, ಮಂಗಳವಾರ

ಕಂಪ್ಲಿಗೆ ಹೋಗಿ ಬಂದೆ. ಬರಿಯಾಕ ಮನಸ್ಸಿಲ್ಲ. ಆದ್ರ ಶೈಲಜಾಗ ಪೂರ್ತಿ ಹೇಳಾಕೂ ಬಾಯಿಲ್ಲ, ಅದಕ್ಕ ಇಲ್ಲೇ ಬರೀತೀನಿ.

ಶುರುವಾತಿಗೆ ಎಲ್ಲಾ ಮಸ್ತ್ ನಡೀತು. ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಂತು. ಹೊನ್ನೂರಪ್ಪನವ್ರದು ದೊಡ್ಡ ಮೀಸಿ, ಸಣ್ಣ ದನಿ. ನಾನು ಸರಿಸ್ಕೊಂತ "ಇವ್ರು ಕುರುಗೋಡಿನವ್ರು, ಹುಡುಗಿ ಸಿರುಗುಪ್ಪದಾಕಿ" ಅಂತ ಪಾಠ ಒಪ್ಪಿಸಿದೆ. ಮೂರ್ನೇ ಮದುವ್ಯಾಗ ಅವ್ರ ಸೋದರಮಾವ ಒಬ್ಬ ಸಿಕ್ಕ. "ಹಂಗಾದ್ರ ನೀವು ನಮ್ಮವ್ರ ಆತಲ್ಲ" ಅಂತ ಇನ್ನೊಂದು ಮಿರ್ಚಿ ಹಾಕಿದ್ರು. ಮದುಮಗಳು ಸ್ಫೂರ್ತಿಗೂ ಹಿಡಿಸಿದಂಗಿತ್ತು. ಟೀಪಾಯಿನೂ ಗಟ್ಟಿ ಇತ್ತು. ಗೆದ್ದೆ ಅನ್ಕೊಂಡೆ.

"ಅವ್ವಗೂ ಒಂದೀಟು ತೋರಿಸ್ರಿ" ಅಂದ್ರು ಹೊನ್ನೂರಪ್ಪ. ಅವ್ರ ತಾಯಿ ಹಂಪಮ್ಮ ಬಾಗ್ಲ ಹತ್ರ ಮಂಚದ ಮ್ಯಾಲ ಕುಂತಿದ್ರು. ಒಂದು ಬಟ್ಟಿಲೆ ಸರಿಸೋದು, ಎರಡು ಬಟ್ಟು ಅಗಲ ಮಾಡಿದ್ರ ದೊಡ್ಡದಾಗೋದು, ಎಲ್ಲಾ ಕಲಿಸಿದೆ. ಅಜ್ಜಿ ಸೆರಗಿಗೆ ಬಟ್ಟು ಒರೆಸ್ಕೊಂಡು ಶುರು ಮಾಡಿದ್ರು. ನನ್ನ ಕಿಟಕಿ ಬೆಳಕಿನ ಫೋಟೋ ಸರ್ರಂತ ಹೋತು. ತಾಳಿ ಕಟ್ಟೋದು ಹೋತು. "ಊಟ ಎಲ್ಲೈತ್ರಿ? ಏನ್ ಮಾಡಿಸಿದ್ರು ನೋಡೋಣು" ಅಂದ್ರು. ಸರಿಸಿ ಸರಿಸಿ ಪಂಕ್ತಿಗೆ ಮುಟ್ಟಿದ್ರು. ಎಲಿ ಮ್ಯಾಲಿನದನ್ನ ದೊಡ್ಡದು ಮಾಡಿ, "ಗೋದಿ ಹುಗ್ಗಿ" ಅಂದ್ರು. ಅಲ್ಲಿಂದ ತುಪ್ಪ ಬಡಿಸೋ ಕೈಗೆ ಹೋದ್ರು. ಕೈಯಿಂದ ಬಳಿಗೆ, ಬಳಿಯಿಂದ ಮ್ಯಾಲ ಮಾರಿಗೆ. ಅಲ್ಲೇ ನಿಂತ್ರು.

"ಇದು ನಮ್ಮ ಶಾಂಭವಿ" ಅಂದ್ರು. ಹುಗ್ಗಿ ಹೆಸ್ರು ಹೇಳಿದಷ್ಟ ದನ್ಯಾಗ ಹೇಳಿದ್ರು.

"ಬ್ಯಾರೆ ಯಾರೋ ಇರ್ಬೇಕು ಬಿಡವ್ವ" ಅಂದ್ರು ಹೊನ್ನೂರಪ್ಪ. ಇಲ್ಲಿಗೆ ನಾನು ಬಾಯಿ ಮುಚ್ಚಿಕೊಂಡು ಮಿರ್ಚಿ ತಿಂದಿದ್ರ ಮುಗೀತಿತ್ತು. ಆದ್ರ ಪಾಠ ಮಾಡಿದ ಪೋರ ನಾನು, ಗೊತ್ತಿದ್ದದ್ದು ಹೇಳದ ಹೆಂಗ ಬಿಡ್ಲಿ. "ಇಲ್ರಿ, ಅಜ್ಜಿಯವ್ರು ಅಂದದ್ದ ಖರೆ. ಶಾಂಭವಿ ಟೀಚರ್ ಅಂತ, ಸಂಡೂರಿನವ್ರು. ಅವತ್ತು ತುಪ್ಪ ಸುರುವಿ ಸುರುವಿ ನನ್ನ ಹೊಟ್ಟಿ ಕೆಡಿಸಿದ್ರು. ನಿಮಗೂ ಬೇಕಾದವ್ರೇನ್ರಿ?" ಅಂದೆ. ನಕ್ಕೊಂತ ಅಂದೆ.

ಹೊನ್ನೂರಪ್ಪ ಟ್ಯಾಬ್ ಇಸ್ಕೊಂಡು, ನನ್ನ ಅಂಗಳಕ್ಕ ಕರ್ಕೊಂಡು ಬಂದ್ರು. "ಆಕಿ ನನ್ನ ತಂಗಿ. ಬ್ಯಾರೆ ಜಾತಿಯವನ್ನ ಮಾಡ್ಕೊಂಡು ಹೋಗಿ ಹದಿನೆಂಟು ವರ್ಷ ಆತು. ಎಲ್ಲದಾಳ ಅಂತ ಅವ್ವಗ ನಾವು ಯಾರೂ ಹೇಳಿಲ್ಲ. ಆಕಿನ್ನ ಈ ಹೊಸ್ತಿಲ ಒಳಗ ಬಿಟ್ಕೋಬ್ಯಾಡ ಅಂತ ಅಪ್ಪ ಸಾಯೋ ಮುಂದ ನನ್ನ ಕಡಿಂದ ಮಾತು ತಗೊಂಡಾನ. ಅದನ್ನ ಅಳಿಸ್ರಿ. ಅಳಿಸಿದ್ರ ಮದುವಿ ಕೆಲ್ಸ ನಿಮ್ದ."

ನಾನು ಅವ್ರ ಎದುರಿಗೇ ಅಳಿಸಿದೆ. ಬಾಗ್ಲಾಗಿಂದ ಅಜ್ಜಿ ನೋಡಾಕಹತ್ತಿದ್ರು. ಆ ಕಡಿಗೆ ನಾನು ತಿರುಗ್ಲಿಲ್ಲ.

ಮಾರ್ಚ್ 19, ಬುಧವಾರ

ಮದುವಿ ನಂದ. ಹೊನ್ನೂರಪ್ಪನವ್ರು ಬೆಳಿಗ್ಗೆ ಫೋನ್ ಮಾಡಿ ಹೇಳಿದ್ರು. ಮನೋಹರ್‌ಗ ಬರಂಗಿಲ್ಲ ಅಂತ ತಿಳಿಸಿಬಿಟ್ಟೆ. ಜಿಲೇಬಿ ತಂದೆ. ಟ್ಯಾಬಿಂದ ಕೆಲ್ಸ ಆತು ಅಂತ ಊಟಕ್ಕ ಕುಂತಾಗ ಧೈರ್ಯ ಮಾಡಿ ಅಂದೆ. ಶೈಲಜಾ ಬೈಲಿಲ್ಲ. ನಡೆದದ್ದೆಲ್ಲಾ ಬಾಯಿ ಬಿಡಿಸಿದ್ಳು.

"ಅಳಿಸಿದ ಮ್ಯಾಲ ಆ ಅಜ್ಜಿ ಏನಂದ್ರು?" ಅಂತ ಕೇಳಿದ್ಳು.

"ನಾ ನೋಡ್ಲಿಲ್ಲ."

ಆಕಿ ಜಿಲೇಬಿ ಮುಟ್ಲಿಲ್ಲ. ಎಲ್ಲಾ ನಾನ ತಿಂದೆ. ಎದಿ ಉರ್ಯಾಕಹತ್ತೈತಿ, ಎಣ್ಣಿ ಚಲೋ ಇರ್ಲಿಲ್ಲ ಅನ್ನಿಸ್ತೈತಿ.

ಮಾರ್ಚ್ 22, ಶನಿವಾರ

ಸ್ಫೂರ್ತಿ ಫೋನಿಂದ ಹಂಪಮ್ಮನವ್ರು ಮಾತಾಡಿದ್ರು. "ಆ ಫೋಟೋ ಇನ್ನೊಂದ್ ಸಲ ನೋಡಬೇಕಿತ್ತಪ್ಪ. ಆಕಿ ಬಾಜು ಒಂದು ಹುಡುಗಿ ನಿಂತಿತ್ತಲ್ಲ, ಆಕಿ ಮಗಳೇನು ಅದು?"

ಅಳಿಸೀನ್ರಿ ಅಂದೆ.

"ಹೌದಾ. ಆತು ಬಿಡಪ್ಪ. ನಿನಗೂ ಹೊಟ್ಟಿಪಾಡು" ಅಂದ್ರು. ಬೈದಿದ್ರ ಚಲೋ ಇತ್ತು.

ಮಾರ್ಚ್ 23, ಭಾನುವಾರ

ಟ್ಯಾಬಿನಾಗ ಅಳಿಸೀನಿ, ಖರೆ. ಆದ್ರ ಫೋಟೋಗ್ರಾಫರ್ ಅಂದ್ಮ್ಯಾಲ ಹಾರ್ಡ್‌ಡಿಸ್ಕಿನಾಗ ಇರಂಗಿಲ್ಲೇನು. ಸುಮ್ನ ನೋಡೋಣ ಅಂತ ಸ್ಟುಡಿಯೋ ತೆಗೆದು ಸಂಡೂರಿನ ಮದುವಿ ಹಚ್ಚಿದೆ. ಮುಂಜಾನಿ ಕುಂತವ ಮಧ್ಯಾಹ್ನದ ಊಟ ಮರ್ತೆ.

ಶಾಂಭವಿ ಟೀಚರ್ ಎಲ್ಲಾ ಕಡಿ ಅದಾರ. ಮದುಮಗಳ ಹಿಂದ ನಿಂತು ಆಕಿ ಜಡಿಗೆ ಹೂ ಮುಡಿಸಾಕಹತ್ಯಾರ. ಯಾರದೋ ಕೂಸು ಎತ್ತಿಕೊಂಡಾರ. ತಮ್ಮ ಮಗಳಿಗೆ ಕಣ್ಣು ತಗದು ಬೆದರಿಸ್ಯಾರ. ಒಂದು ಕಡಿ ಒಬ್ರೇ ಕುರ್ಚಿ ಮ್ಯಾಲ ಕುಂತು ಪಾದ ಒತ್ಕೊಳ್ತಾರ. ಇವೆಲ್ಲಾ ನಾನ ತೆಗೆದಿದ್ದು, ಆದ್ರ ನಾನು ನೋಡಿದ್ದಿಲ್ಲ. ಮುಂದಿನವ್ರ ಮ್ಯಾಲ ಬೆಳಕು ಬಿದ್ರ ಸಾಕಿತ್ತು ನನಗ.

ಪಕ್ಕಕ್ಕಿದ್ದದ್ದು ಮಗಳ. ಮೂಗು ಥೇಟ್ ಹಂಪಮ್ಮನವ್ರದು. ಅದನ್ನ ಅಜ್ಜಿಗೆ ಹೇಳಬೇಕಿತ್ತು ಅನ್ನಿಸ್ತು. ಎಲ್ಲಾ ಮತ್ತ ಟ್ಯಾಬಿಗೆ ಹಾಕೀನಿ. ಯಾಕ ಅಂತ ಕೇಳಬ್ಯಾಡ ಡೈರಿ.

ಮಾರ್ಚ್ 27, ಗುರುವಾರ

ಬ್ಯಾಟ್ರಿ ಎಷ್ಟೊತ್ತು ಬರ್ತೈತಿ ನೋಡಾಕ ಅಂತ ಸಂಡೂರಿಗೆ ಹೋಗಿದ್ದೆ. ಬ್ಯಾಟ್ರಿ ಹೊಸಪೇಟ್ಯಾಗೂ ನೋಡಬಹುದಿತ್ತು ಅಂತ ಶೈಲಜಾ ಅನ್ಲಿಲ್ಲ, ನನ್ನ ಬುತ್ತಿ ಕಟ್ಟಿದ್ಳು.

ಶಾಂಭವಿ ಟೀಚರ್ ನನ್ನ ಗುರ್ತು ಹಿಡಿದ್ರು, ಕುಂದ್ರಿ ಅಂದ್ರು. ಗಂಡ ವಾಸುದೇವ ಮೇಷ್ಟ್ರು ಸಾಲಿಗೆ ಹೋಗಿದ್ರು. ಮಗಳು ಅಪೇಕ್ಷಾ ನೀರು ತಂದಿಟ್ಳು, ಅದ ಮೂಗು. ಅಡ್ಡಾದಿಡ್ಡಿ ಮಾತಾಡಿ ಕಡಿಗೆ ಕಂಪ್ಲಿ ಹೆಸ್ರು ತೆಗೆದೆ. ಟೀಚರ್ ಕೈಯಾಗಿನ ಲೋಟ ಕೆಳಗಿಟ್ರು.

"ಅವ್ವನ ನೋಡಿದ್ರಾ? ಹೆಂಗದಾಳ?"

"ಆರಾಮ ಅದಾರ್ರಿ."

"ಹಂಗಲ್ಲ. ತೋರಿಸ್ರಿ. ಫೋಟೋ ತೆಗೆದಿರ್ತೀರಲ್ಲ ನೀವು."

ಕೈಯಾಗ ಅಷ್ಟು ಆರಿಸಿ, ತೂಗಿಸಿ, ಪೂಜಿ ಮಾಡಿ ತಂದ ಟ್ಯಾಬು. ಅದ್ರಾಗ ಎಷ್ಟೋ ಮನಿಯವ್ರ ಮಾರಿ. ಆಕಿ ಕೇಳಿದ ಒಂದು ಮಾರಿ ಇಲ್ಲ. ಅವತ್ತು ಕಂಪ್ಲ್ಯಾಗ ಕ್ಯಾಮೆರಾ ಚೀಲದಿಂದ ಹೊರಗ ತೆಗೆದೇ ಇಲ್ಲ ನಾನು. ಬಾಯಿಲೆ ಹೇಳಿದೆ. ಕೂದ್ಲು ಪೂರ್ತಿ ಬೆಳ್ಳಗ ಆಗ್ಯಾವು, ಬೆನ್ನು ಸ್ವಲ್ಪ ಬಾಗೈತಿ, ದನಿ ಗಟ್ಟಿ ಐತಿ, ಸೆರಗಿಗೆ ಬಟ್ಟು ಒರೆಸ್ಕೊಂಡು ನಿಮ್ಮ ಫೋಟೋ ಮುಟ್ಟಿದ್ರು. "ಹಲ್ಲು ಅದಾವ್ರಿ?" ಅಂತ ಕೇಳಿದ್ರು. ಹಲ್ಲು ನಾನು ನೋಡಿರ್ಲಿಲ್ಲ. ಅವತ್ತು ಅಲ್ಲಿ ಯಾರೂ ನಕ್ಕಿರ್ಲಿಲ್ಲ, ನನ್ನ ಬಿಟ್ರ.

ಅವ್ರು ಅಳ್ಲಿಲ್ಲ. ನಾನು ಹೊಸಪೇಟಿ ಮುಟ್ಟೋತನಕ ಎರಡ್ಸಲ ಗಾಡಿ ನಿಲ್ಲಿಸಿದೆ. ಬಿಸಿಲಿಗೆ ಕಣ್ಣಾಗ ನೀರು ಬರ್ತಾವು, ವಯಸ್ಸು.

ಮಾರ್ಚ್ 30, ಭಾನುವಾರ, ಯುಗಾದಿ

ಬೇವು ಜಾಸ್ತಿ ಆಗಿತ್ತು. ಮನೋಹರ್ ಬಂದಿದ್ದ. ಆ ಸಿಸಿಟಿವಿ ಕೆಲ್ಸ ಬ್ಯಾರೆಯವ್ರಿಗೆ ಹೋತಂತ. "ಕಂಪ್ಲಿ ಮದುವಿ ಕೈಬಿಡಬ್ಯಾಡ್ರಿ ಮಾಮ" ಅಂದ. ಹೂಂ ಅಂದೆ.

ಏಪ್ರಿಲ್ 4, ಶುಕ್ರವಾರ

ಲಗ್ನಪತ್ರದ ಡಿಸೈನ್ ತೋರಿಸೋ ನೆಪ ಮಾಡಿ ಕಂಪ್ಲಿಗೆ ಹೋದೆ. ಹೊನ್ನೂರಪ್ಪ ಮಿಲ್ಲಿನಾಗ ಇರೋ ಹೊತ್ತು ನೋಡಿ ಹೋದೆ ಅಂತ ಬರದ್ರ ತಪ್ಪಿಲ್ಲ. ಪ್ಲಾನ್ ಇಷ್ಟ. ಅಜ್ಜಿದೊಂದು ಫೋಟೋ ಜಲ್ದಿ ತೆಗಿಯೋದು, ಸಂಡೂರಿಗೆ ಒಯ್ದು ತೋರ್ಸೋದು, ಯಾರಿಗೂ ಗೊತ್ತಾಗಂಗಿಲ್ಲ, ಮದುವಿನೂ ಉಳೀತೈತಿ. ಕಳ್ಳತನ ಗೊತ್ತಿಲ್ಲದವ ಕಳ್ಳತನಕ್ಕ ಹೋದಂಗ, ಅಂಗಳದಾಗ ಚಪ್ಲಿ ಕೈಯಾಗ ಹಿಡ್ಕೊಂಡು ನಡದೆ.

ಮೊದ್ಲು ಟ್ಯಾಬ್ ಕೈಯಾಗ ಕೊಟ್ಟೆ. ಹಂಪಮ್ಮನವ್ರು ಒಂದೊಂದ ನೋಡಿದ್ರು. ಹೂ ಮುಡಿಸೋದು, ಕೂಸು, ಪಾದ ಒತ್ಕೊಳ್ಳೋದು. ಪಾದದ ಫೋಟೋ ಹತ್ರ ಭಾಳ ಹೊತ್ತು ನಿಂತ್ರು. "ಸಣ್ಣಾಕಿದ್ದಾಗಿಂದ ಈಕಿ ಕಾಲು ನೋಯ್ತಾವು" ಅಂದ್ರು. ಮೊಮ್ಮಗಳ ಮೂಗು ದೊಡ್ಡದು ಮಾಡಿ ನೋಡಿ ತಮ್ಮ ಮೂಗು ಮುಟ್ಟಿಕೊಂಡ್ರು.

"ಸ್ವಲ್ಪ ಈ ಕಡಿ ನೋಡ್ರಿ ಅಜ್ಜಿ" ಅಂತ ಕ್ಯಾಮೆರಾ ತೆಗೆದೆ.

"ನಂದ್ಯಾಕ?"

"ಟೀಚರ್ ಕೇಳ್ಯಾರ್ರಿ. ಒಯ್ದು ತೋರಿಸ್ತೀನಿ."

ಅಜ್ಜಿ ನನ್ನ ಮಾರಿ ನೋಡಿದ್ರು. "ಜೀವಂತ ಅದೀನಲ್ಲಪ್ಪ ನಾನು. ಫೋಟೋ ಯಾಕ ಒಯ್ತಿ? ಗಾಡಿ ತಂದಿಯೇನು?"

ಸ್ಫೂರ್ತಿ ಆಗ್ಲೇ ಎದ್ದು ಅಜ್ಜಿ ಚಪ್ಲಿ ತಂದು ಕಾಲ ಹತ್ರ ಇಟ್ಟಿದ್ಳು. "ಅಪ್ಪಗ ನಾ ಹೇಳ್ತೀನಿ" ಅಂದ್ಳು.

"ನಿಮ್ಮಪ್ಪ ಕೊಟ್ಟ ಮಾತು ನಾನೂ ಕೇಳೀನಿ" ಅಂದ್ರು ಅಜ್ಜಿ, ಚಪ್ಲಿ ಮೆಟ್ಟಿಕೊಂತ. "ನಿಮ್ಮಜ್ಜ ಆಕಿನ್ನ ಒಳಗ ಬಿಟ್ಕೋಬ್ಯಾಡ ಅಂದಾರ. ನನ್ನ ಹೊರಗ ಹೋಗಬ್ಯಾಡ ಅಂದಿಲ್ಲ. ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿರ್ಲಿಲ್ಲ, ಅಷ್ಟ."

ನನ್ನ ಓಮ್ನಿ ಮುಂದಿನ ಸೀಟಿನಾಗ ಕುಂತ್ರು. ಬುಕ್ಕಸಾಗರದ ಹತ್ರ ಹೊನ್ನೂರಪ್ಪನವ್ರ ಫೋನ್ ಬಂತು, ಎತ್ತಲಿಲ್ಲ. ಮತ್ತ ಬಂತು. "ಎತ್ತು. ಅವ್ವ ನಿದ್ದಿ ಹತ್ಯಾಳ ಅನ್ನು" ಅಂದ್ರು ಅಜ್ಜಿ, ಕಣ್ಣು ತಕ್ಕೊಂಡು. ಹಂಗ ಅಂದೆ. ಅವ್ರು ಫೋನ್ ಇಟ್ರು. ಮದುವಿ ಕೈ ಬಿಟ್ತು ಅಂತ ಅಲ್ಲೇ ಗೊತ್ತಾತು. ಹೆದ್ರಿಕಿ ಆತು, ಆದ್ರ ಗಾಡಿ ತಿರುಗಿಸ್ಲಿಲ್ಲ. ಬಾಜೂಕ ಕುಂತವ್ರು ತಿರುಗಿಸಾಕ ಬಿಡಬೇಕಲ್ಲ.

ಸಂಡೂರಾಗ ಟೀಚರ್ ಅಂಗಳದಾಗ ಬಟ್ಟಿ ಒಣ ಹಾಕ್ತಿದ್ರು. ಅಜ್ಜಿ ಗಾಡಿ ಇಳಿದು, ತಾವೇ ಗೇಟ್ ತೆಗೆದು, ಹೋಗಿ ಬಕೀಟಿನಾಗಿನ ಒಂದು ಬಟ್ಟಿ ಎತ್ತಿ ಜಾಡಿಸಿ ಹಗ್ಗದ ಮ್ಯಾಲ ಹಾಕಿದ್ರು. ಟೀಚರ್ ತಿರುಗಿ ನೋಡಿದ್ರು. ಆಮ್ಯಾಲಿಂದು ನಾನು ನೋಡ್ಲಿಲ್ಲ, ಗಾಡಿ ಟೈರ್ ನೋಡ್ಕೊಂತ ನಿಂತೆ. ದನಿ ಮಾತ್ರ ಕೇಳಿಸ್ತು. ಕ್ಯಾಮೆರಾ ಸೀಟಿನ ಮ್ಯಾಲ ಬಿದ್ದಿತ್ತು. ಇದನ್ನ ದುರುಗೇಶ ಕೇಳಿದ್ರ ಹೊಟ್ಟಿ ಹಿಡ್ಕೊಂಡು ನಗ್ತಾನ.

ಏಪ್ರಿಲ್ 5, ಶನಿವಾರ

ಹೊನ್ನೂರಪ್ಪನವ್ರ ಫೋನು. "ಮದುವಿ ವಿಚಾರ ಆಮ್ಯಾಲ ನೋಡೋಣ್ರಿ." ಅಷ್ಟ. ಆಮ್ಯಾಲ ಅಂದ್ರ ಇಲ್ಲ ಅಂತ.

ಶೈಲಜಾಗ ಹೇಳಿದೆ. ಆಕಿ ಇವತ್ತು ಹೋಳಿಗಿ ಮಾಡಿದ್ಳು. ಹಬ್ಬನೂ ಇಲ್ಲ, ಏನೂ ಇಲ್ಲ. ಸಾಲಿ ಟೀಚರ್‌ಗಳ ಲೆಕ್ಕ ನನಗ ತಿಳಿಯಂಗಿಲ್ಲ.

ಏಪ್ರಿಲ್ 7, ಸೋಮವಾರ

ಹೊನ್ನೂರಪ್ಪನವ್ರು ಸ್ಟುಡಿಯೋಕ್ಕ ಬಂದಿದ್ರು. ಬಡಿಯಾಕ ಬಂದಾರ ಅನ್ಕೊಂಡು ಕೌಂಟರ್ ಹಿಂದ ಸರಿದೆ. ಕೈಯಾಗ ಒಂದು ಬಟ್ಟಿ ಚೀಲ ಇತ್ತು. ಕುಂತ್ರು. ಯಮನಮ್ಮ ಚಾ ತಂದಿಟ್ಟು, ಹೋಗದ ಬಾಗ್ಲಾಗ ನಿಂತ್ಳು.

"ಅವ್ವನ ಸೀರಿ, ಬಿಪಿ ಗುಳಿಗಿ. ಅಲ್ಲೇ ಇರ್ತೀನಿ ಅಂತಾಳ. ನೀವು ಹೆಂಗೂ ಹೋಗಿ ಬಂದು ಮಾಡ್ತೀರಿ, ಮುಟ್ಟಿಸಿಬಿಡ್ರಿ" ಅಂತ ಚೀಲ ಕೌಂಟರ್ ಮ್ಯಾಲ ಇಟ್ರು.

ನಾನು ಚೀಲಕ್ಕ ಕೈ ಚಾಚಿದೆ. ಚಾಚಿದ ಕೈ ಅಲ್ಲೇ ನಿಂತಿತು. ಬಾಯಿಂದ ಏನು ಬಂತಂದ್ರ, "ಗಾಡಿ ಕೆಟ್ಟೈತ್ರಿ."

ಓಮ್ನಿ ಅಂಗಡಿ ಮುಂದನ ನಿಂತಿತ್ತು. ಈಗ ತೊಳೆದಿದ್ದೆ, ನೀರು ಇನ್ನೂ ಇಳೀತಿತ್ತು. ಹೊನ್ನೂರಪ್ಪ ಗಾಡಿ ನೋಡಿದ್ರು. ನನ್ನ ಮಾರಿ ನೋಡಿದ್ರು. ಯಮನಮ್ಮ "ಹೌದ್ರಿ, ಭಾಳ ಕೆಟ್ಟೈತಿ" ಅಂದ್ಳು, ಯಾರೂ ಕೇಳದನ.

ಚಾ ಪೂರ್ತಿ ಕುಡಿದ್ರು. "ಮನಿ ಯಾವ ಓಣ್ಯಾಗೈತಿ?" ಅಂದ್ರು.

ಹೇಳಿದೆ. ಸಾಲಿ ಹಿಂದಿನ ರಸ್ತೆ, ಬೇವಿನ ಗಿಡ, ಎಡಕ್ಕ ಹಸಿರು ಗೇಟು. ಅವ್ರು ತಾವೊಮ್ಮೆ ಬಾಯಾಗ ಅಂದ್ಕೊಂಡ್ರು. ಚೀಲ ತಗೊಂಡು ಮೆಟ್ಲ ಇಳಿಯೋ ಮುಂದ ನಿಂತು, "ಶಾಂಭವಿ ಏನಾರ ಅಂದ್ಳಂದ್ರ?" ಅಂದ್ರು.

"ಅನಿಸ್ಕೋರಿ" ಅಂದೆ. ಅಷ್ಟು ದೊಡ್ಡ ಮನುಷ್ಯಾಗ ಹಂಗಂದದ್ದು ನೆನೆಸಿದ್ರ ಈಗ ಬೆವರು ಬರ್ತಾವು. ಅವ್ರ ಗಾಡಿ ಕಂಪ್ಲಿ ಕಡಿ ತಿರುಗ್ಲಿಲ್ಲ.

ಮನಿಗೆ ಬಂದು ಎಲ್ಲಾ ಹೇಳಿದೆ. "ಮತ್ತ ಮದುವಿ ಕೆಲ್ಸ ಯಾರಿಗಂತ?" ಅಂದ್ಳು ಶೈಲಜಾ.

ಕೇಳೋದ ಮರ್ತಿದ್ದೆ. ಚಾ ಮುಗಿಯೋತನಕ ಎದುರಿಗೆ ಕುಂತಿದ್ದ ಗಿರಾಕಿನ್ನ ಕೆಲ್ಸ ಕೇಳೋದ ಮರೆತ ವ್ಯಾಪಾರಸ್ಥ ಹೊಸಪೇಟ್ಯಾಗ ನಾನೊಬ್ನ ಇರ್ಬೇಕು. ಬೈತಾಳ ಅಂತ ತಲಿ ತಗ್ಗಿಸಿದೆ. ಆಕಿ ಫೋನ್ ನನ್ನ ಮುಂದ ಇಟ್ಳು. "ಅದು ಹಾಳಾಗ್ಲಿ. ಅವ್ರು ಮುಟ್ಟಿದ್ರೋ ಇಲ್ಲೋ ಮೊದ್ಲು ಕೇಳ್ರಿ."

ಹಚ್ಚಿದೆ. ಭಾಳ ಹೊತ್ತಿಗೆ ಶಾಂಭವಿ ಟೀಚರ್ ಎತ್ತಿದ್ರು. ಹಿಂದ ತಾಟಿನ ಸಪ್ಪಳ, ಹಂಪಮ್ಮನವ್ರು ಯಾರಿಗೋ ಬೈಯೋದು. ಟೀಚರ್ ಅವಸರದಾಗಿದ್ರು.

"ಅಣ್ಣ ಉಣ್ಣಾಕ ಕುಂತಾನ್ರಿ. ಆಮ್ಯಾಲ ಮಾಡ್ತೀನಿ" ಅಂತ ಇಟ್ಟುಬಿಟ್ರು.